ಮೊದಲು ಒಂದು ಜೆರಾಕ್ಸ್ ಮಾಡಿಸಿ

ರಾತ್ರಿ ಒಬ್ಬಳೇ 22 ರೋಗಿಗಳನ್ನು ನೋಡುತ್ತೇನೆ ಅಂತ ಬರೆದಿದ್ದೀರಿ. ನರ್ಸ್‌ಗಳೆಲ್ಲ ಸೇರಿ ಸಂಘ ಕಟ್ಟುವುದಾ, ಇಲ್ಲ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಹಿಡಿದು ಗಲ್ಫಿಗೆ ಹೋಗುವುದಾ ಅಂತ ಕೇಳಿದ್ದೀರಿ. ನಾನೂ ನರ್ಸೇ, ನನ್ನ ವಾರ್ಡಿನಲ್ಲಿ 28 ಹಾಸಿಗೆ ಇತ್ತು.

ಮಂಗಳೂರಿನದೇ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಸೇರಿ ಒಂದೂವರೆ ವರ್ಷ ಆಗಿತ್ತು. ಮಳೆಗಾಲ ಅಂದರೆ ಇಲ್ಲಿ ಮಲೇರಿಯಾ, ಡೆಂಗಿ. ಹಾಸಿಗೆ ಖಾಲಿ ಇರುವುದೇ ಇಲ್ಲ. ರಾತ್ರಿಗೆ ನಾನು, ಜೊತೆಗೆ ಒಬ್ಬಳು ಟ್ರೈನಿ. ಒಂದು ರಾತ್ರಿ ಈ ತುದಿಯಲ್ಲಿ ಒಬ್ಬರಿಗೆ ಡ್ರಿಪ್ ಬದಲಿಸುತ್ತಿದ್ದೆ, ಆ ತುದಿಯಲ್ಲಿ ಅಜ್ಜಿಯೊಬ್ಬರು ಮಂಚದಿಂದ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಇನ್ಸಿಡೆಂಟ್ ರಿಪೋರ್ಟಿನಲ್ಲಿ ಮಾತ್ರ 'ಸಿಸ್ಟರ್ ಸ್ಥಳದಲ್ಲಿರಲಿಲ್ಲ' ಅಂತ ಬರೆದರು. ಇದ್ದೆ. 28 ಹಾಸಿಗೆಗಳ ಆಚೆ ಇದ್ದೆ.

ಅವತ್ತೇ ಆಡಳಿತಕ್ಕೆ ಪತ್ರ ಬರೆದೆ. ರಾತ್ರಿಗೆ ಇಬ್ಬರು ಸ್ಟಾಫ್, ನೈಟ್ ಮುಗಿದ ಮೇಲೆ ಸರಿಯಾದ ಆಫ್, ಓವರ್‌ಟೈಮ್ ಲೆಕ್ಕ, ಹೀಗೆ ನಾಲ್ಕು ಬೇಡಿಕೆ. ಸಹಿ ಹಾಕಿಸಲು ಒಂಬತ್ತು ದಿನ ಹಿಡಿಯಿತು. ಡ್ಯೂಟಿ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ, ಮೆಸ್ಸಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ. ಕುಂದಾಪುರದವರು, ಕಣ್ಣೂರಿನವರು, ಹಾವೇರಿ ಕಡೆಯವರು, ಒಟ್ಟು 41 ಸಹಿ. ಒಬ್ಬಳು ಟಾಯ್ಲೆಟ್ ಬಾಗಿಲಿಗೆ ಕಾಗದ ಒತ್ತಿ ಸಹಿ ಹಾಕಿದಳು. ಅವಳ ಹೆಸರು ಇಳಿಜಾರಾಗಿ ಬಿದ್ದಿತ್ತು.

ಇನ್ನು ನನ್ನ ತಪ್ಪು. ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಬೇಡಿ. ಅವತ್ತು ಶನಿವಾರ, ಸಂಜೆ ಏಳೂವರೆ. ಎಂಟಕ್ಕೆ ನನ್ನ ನೈಟ್ ಡ್ಯೂಟಿ. ಎದುರಿನ ಜೆರಾಕ್ಸ್ ಅಂಗಡಿಗೆ ಹೋದರೆ ಮಳೆಗೆ ಕರೆಂಟ್ ಇಲ್ಲ. ಫೋನಲ್ಲಿ ಒಂದು ಫೋಟೋ ಹೊಡೆಯಬಹುದಿತ್ತು, ಫೋನ್ ಲಾಕರಿನಲ್ಲಿ ಇಟ್ಟು ಬಂದಿದ್ದೆ. ಲಾಕರಿಗೆ ಹೋಗಿ ಬರಲು ಐದು ನಿಮಿಷ. ಆ ಐದು ನಿಮಿಷಕ್ಕೆ ನಾನು ಸೋಮಾರಿಯಾದೆ. ಸೂಪರಿಂಟೆಂಡೆಂಟ್ ಸೋಮವಾರದಿಂದ ರಜೆ ಅಂತ ಗೊತ್ತಿತ್ತು, ಇವತ್ತೇ ಕೊಟ್ಟುಬಿಡಬೇಕು ಅಂತ ತಲೆಯಲ್ಲಿ ಕೂತಿತ್ತು. ಒರಿಜಿನಲ್ಲನ್ನೇ ಕೊಟ್ಟೆ. ಅವರು ಕನ್ನಡಕ ಹಾಕಿ ಪೂರ್ತಿ ಓದಿದರು. "ಒಳ್ಳೆ ಬರೆದಿದ್ದೀ ಮಾರಾಯ್ತಿ, ನಾನು ಮಾತಾಡ್ತೇನೆ" ಅಂದರು. ಡ್ರಾಯರಿಗೆ ಹಾಕಿದರು. ನಾನು ಖುಷಿಯಲ್ಲಿ ಮೆಟ್ಟಿಲು ಹಾರಿಕೊಂಡು ವಾರ್ಡಿಗೆ ಬಂದೆ. ಕೈಯಲ್ಲಿ ಕಾಪಿ ಇಲ್ಲ, ಸ್ವೀಕರಿಸಿದ ಸೀಲ್ ಇಲ್ಲ, ತಾರೀಕು ಇಲ್ಲ.

ಯೋಚನೆ ಮಾಡಿ. ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ಇದನ್ನು ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಒಂದು ಪ್ಯಾರಸಿಟಮಾಲ್ ಕೊಟ್ಟರೂ ಹೊತ್ತು ಬರೆದು ಸಹಿ ಹಾಕುವವರು ನಾವು. ರೋಗಿ ಎಷ್ಟು ಮಿಲಿ ಮೂತ್ರ ಮಾಡಿದ ಅಂತ ಗಂಟೆಗಂಟೆಗೂ ಬರೆಯುತ್ತೇವೆ. ನಮ್ಮ ಸ್ವಂತ ಹೊಟ್ಟೆಪಾಡಿನ ಕಾಗದವನ್ನು ಮಾತ್ರ ಸುಮ್ನೆ ಕೊಟ್ಟು ಬಂದೆ.

ಮೂರನೇ ವಾರ ಹೊಸ ಡ್ಯೂಟಿ ರೋಸ್ಟರ್ ಬಂತು. ಸಹಿಯಲ್ಲಿ ಮೇಲಿದ್ದ ಹತ್ತು ಜನ ಹತ್ತು ಕಡೆ ಚದುರಿದ್ದರು, ಎಲ್ಲರಿಗೂ ನೈಟ್. ಆಫೀಸಿನಲ್ಲಿ ಕೇಳಿದರೆ "ಯಾವ ಪತ್ರ?" ಕಾರ್ಮಿಕ ಇಲಾಖೆಗೆ ಹೋದೆ. ಅಲ್ಲಿದ್ದವರು ಸಮಾಧಾನದಿಂದ ಎಲ್ಲ ಕೇಳಿ, "41 ಸಹಿ ಅಂತೀರಿ, ಎಲ್ಲಿದೆ ಅಮ್ಮ?" ಅಂದರು. ಅವರದೇನೂ ತಪ್ಪಿಲ್ಲ. ಮತ್ತೆ ಸಹಿ ಹಾಕಿಸಲು ಹೊರಟರೆ ಒಂಬತ್ತು ಜನ ಹಾಕಿದರು. ಟಾಯ್ಲೆಟ್ ಬಾಗಿಲಿನವಳು ಹಾಕಲಿಲ್ಲ.

ಬಿ.ಸಿ. ರೋಡಿನ ಬಸ್ಸು ಹಿಡಿದು ಮನೆಗೆ ಹೋಗಿ ಅಮ್ಮನ ಹತ್ತಿರ ಅತ್ತೆ. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು, ತಾವು ಓದಿದ್ದು ನಾಲ್ಕನೇ ಕ್ಲಾಸು. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟರೆ ಪುಸ್ತಕದಲ್ಲಿ ಲೆಕ್ಕ ಏರುವ ತನಕ ಕಟ್ಟೆಯಿಂದ ಏಳುತ್ತಿರಲಿಲ್ಲ. ಆ ಪುಸ್ತಕದ ಬಲದಲ್ಲೇ ಅವರಿಗೆ ಪಿಎಫ್ ಸಿಕ್ಕಿತು, ಬೆನ್ನಿಗೆ ಯೂನಿಯನ್ ಇತ್ತು. ಅವರು ಕೇಳಿದ್ದು ಒಂದೇ, "ಬರೆಸಿಕೊಂಡ್ಯಾ?"

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಂಘವಾ, ಗಲ್ಫಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಎರಡಕ್ಕೂ ಬೇಕಾದ್ದು ಅದೇ ಕಾಗದ. ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಸ್ಲಿಪ್, ನಿಮ್ಮದೇ ಡ್ಯೂಟಿಯ ಲೆಕ್ಕ. ಇವತ್ತು ರಾತ್ರಿಯಿಂದಲೇ ಒಂದು ನೋಟ್ ಪುಸ್ತಕದಲ್ಲಿ ತಾರೀಕು, ರೋಗಿಗಳ ಸಂಖ್ಯೆ, ಸ್ಟಾಫ್ ಎಷ್ಟು, ಎಷ್ಟಕ್ಕೆ ಮನೆಗೆ ಹೊರಟಿರಿ, ಇಷ್ಟು ಬರೆಯಿರಿ. ರೋಗಿಯ ಹೆಸರು ಬರೆಯಬೇಡಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ಲೆಕ್ಕದಲ್ಲಿ ಟೀಚಿಂಗ್ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬ ನರ್ಸ್, ಉಳಿದ ಕಡೆ 5ಕ್ಕೆ ಒಬ್ಬರು. ನಿಮ್ಮ 22 ಅನ್ನು ಅದರ ಪಕ್ಕ ಇಟ್ಟು ತೋರಿಸಿದರೆ ಭಾಷಣ ಬೇಕಾಗುವುದಿಲ್ಲ.

ಸೇವೆಗೆ ಲೆಕ್ಕ ಇಡುವುದಾ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೇ 12ಕ್ಕೆ, ನರ್ಸ್‌ಗಳ ದಿನ ಅಂತ, ಕೇಕ್ ಕತ್ತರಿಸಿ ಫ್ಲಾರೆನ್ಸ್ ನೈಟಿಂಗೇಲ್ ಫೋಟೋಗೆ ದೀಪ ಹಚ್ಚುತ್ತಾರಲ್ವಾ, ಆಯಮ್ಮ ಸೈನಿಕರ ಸಾವಿನ ಲೆಕ್ಕ ಇಟ್ಟು, ಅದರ ನಕ್ಷೆ ಬರೆದು ಸರ್ಕಾರದ ಮುಂದೆ ಇಟ್ಟವಳು. ಆಯಮ್ಮನ ಕೈಯ ದೀಪ ಎಲ್ಲರಿಗೂ ನೆನಪಿದೆ, ಲೆಕ್ಕದ ಪುಸ್ತಕ ಯಾರಿಗೂ ಇಲ್ಲ.

ಒಬ್ಬಳೇ ಹೋಗಬೇಡಿ, ಲೀಡರ್ ಆಗಲೂ ಬೇಡಿ. ಏಳು ಜನ ಸೇರಿದರೆ ಯೂನಿಯನ್ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಸದಸ್ಯರು ಅಲ್ಲಿನ ನೌಕರರ 10% ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. 1908ರಿಂದ ಇರುವ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಬರೀ ಕಾನ್ಫರೆನ್ಸ್ ಮಾಡುತ್ತದೆ ಅಂತ ನಾನು ನಗುತ್ತಿದ್ದೆ. ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದದ್ದು ಅವರೇ. 2016ರಲ್ಲಿ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಬೇಡ, 200ಕ್ಕಿಂತ ಜಾಸ್ತಿ ಇದ್ದರೆ ಸರ್ಕಾರಿ ನರ್ಸಿನ ಸಮ ಕೊಡಿ ಅಂತ ಆ ಸಮಿತಿ ಹೇಳಿತು. ಅದು ಶಿಫಾರಸು, ತಾನಾಗಿ ಜಾರಿಯಾಗುವುದಿಲ್ಲ. ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ ನರ್ಸ್‌ಗಳು 2017ರಲ್ಲಿ ಮುಷ್ಕರ ಹೂಡಿದರು, 2018ರಲ್ಲಿ ಕನಿಷ್ಠ ಸಂಬಳ 20,000 ಅಂತ ಆದೇಶ ಬಂತು.

ನಾನೀಗ ಉಡುಪಿ ಕಡೆ ಇದ್ದೇನೆ. ನಾಲ್ಕು ವರ್ಷದ ಹಿಂದೆ ಇಲ್ಲೂ ಪತ್ರ ಕೊಟ್ಟೆವು. ಈ ಸಲ ಬೇಡಿಕೆ ಒಂದೇ, ರಾತ್ರಿಗೆ ಇನ್ನೊಬ್ಬರು. ಜೊತೆಗೆ ಮೂರು ತಿಂಗಳ ಲೆಕ್ಕ. ಸಹಿಗಳನ್ನು ದುಂಡಗೆ ಹಾಕಿಸಿದೆವು, ಮೊದಲು ಯಾರು ಅಂತ ಗೊತ್ತಾಗದ ಹಾಗೆ. ಕೌಂಟರಿನ ಹುಡುಗ ಸೀಲ್ ಹಾಕಲು ಹಿಂದೆ ಮುಂದೆ ನೋಡಿದ. ನಾನು ಕುರ್ಚಿ ಎಳೆದು ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಸೀಲ್ ಬಿತ್ತು. ಇನ್ನೊಬ್ಬ ನರ್ಸ್ ಬರಲು ಐದು ತಿಂಗಳಾಯಿತು, ಅದೂ ಎರಡು ವಾರ್ಡಿಗೆ ಒಬ್ಬಳು. ಸಂಬಳದ ಪತ್ರ ಈಗ ಬರೆಯುತ್ತಿದ್ದೇವೆ.

ನಿಮ್ಮ ಆಸ್ಪತ್ರೆಯಲ್ಲಿ ಒಟ್ಟು ಎಷ್ಟು ಹಾಸಿಗೆ ಅಂತ ನೀವು ಬರೆದಿಲ್ಲ. ಅದನ್ನು ಹೇಳಿ, ಸಮಿತಿಯ ಯಾವ ಲೆಕ್ಕಕ್ಕೆ ಬರುತ್ತದೆ ನೋಡೋಣ.