100 ವೋಲ್ಟ್ ಸಾನ್ಸುಯಿಗೆ 110ರ ಸ್ಟೆಪ್‌ಡೌನ್ ಹಾಕಬೇಡಿ

ಜಪಾನ್‌ನಿಂದ ತರಿಸಿದ 100 ವೋಲ್ಟ್ ಸಾನ್ಸುಯಿ ಆಂಪ್‌ಗೆ (ಆಂಪ್ಲಿಫೈಯರ್) ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 230 ವೋಲ್ಟ್ ಅನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದಿದ್ದೀನಿ, ಹತ್ತು ವೋಲ್ಟ್‌ಗೆ ಏನೂ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. ಆಗುತ್ತದೆ. ದಯವಿಟ್ಟು ಇವತ್ತು ಪ್ಲಗ್ ಹಾಕಬೇಡಿ.

ಹತ್ತು ವೋಲ್ಟ್ ಅನ್ನೋದು ಡಬ್ಬದ ಮೇಲಿನ ಲೆಕ್ಕ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಾಕೆಟ್‌ಗೆ ಮೀಟರ್ ಇಟ್ಟು ನೋಡಿ. ನಮ್ಮ ಬಡಾವಣೆಯಲ್ಲಿ 245 ತೋರಿಸುತ್ತದೆ. ಆಗ 110ರ ಟ್ಯಾಪ್‌ನಲ್ಲಿ, ಅಂದರೆ ಸುರುಳಿಯಿಂದ ಹೊರತೆಗೆದ 110ರ ತಂತಿಯಲ್ಲಿ, 117 ಬರುತ್ತದೆ, ಲೋಡ್ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಆಂಪ್ ಒಳಗಿನ 50 ವೋಲ್ಟ್ ರೈಲು, ಅಂದರೆ ಸರ್ಕ್ಯೂಟ್‌ಗೆ ಹೋಗುವ ಡಿಸಿ ವೋಲ್ಟೇಜ್, 60ರ ಹತ್ತಿರ ಹೋಗುತ್ತದೆ. ಅಷ್ಟು ಹಳೆಯ ಫಿಲ್ಟರ್ ಕೆಪಾಸಿಟರ್‌ಗಳು ಇದನ್ನು ಎಷ್ಟು ದಿನ ತಡೆದಾವು? ಮೊದಲ ವಾರ ಚೆನ್ನಾಗಿ ಹಾಡುತ್ತದೆ, ಅದನ್ನು ನಂಬಬೇಡಿ.

ಅದಕ್ಕಿಂತ ದೊಡ್ಡ ಭಯ, ನೀವು ಹಾಕಿದ ಫೋಟೋದಲ್ಲಿರುವ ಸ್ಟೆಪ್‌ಡೌನ್ ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ಸುರುಳಿ, ನಡುವೆ ಟ್ಯಾಪ್. ಟ್ಯಾಪ್‌ನ ಕೆಳಗಿನ ಸುರುಳಿ ಎಲ್ಲಾದರೂ ಬಿಟ್ಟುಕೊಂಡರೆ ಮೇಲಿನ ಸುರುಳಿಯ ಮೂಲಕ ಹೆಚ್ಚುಕಡಿಮೆ ಪೂರ್ತಿ 230 ಆಂಪ್‌ಗೆ ನುಗ್ಗುತ್ತದೆ. ಮೈಸೂರಿನ ಗೆಳೆಯರೊಬ್ಬರ ಮರಾಂಟ್ಜ್ ಆಂಪ್ ಹೀಗೇ ಹೋಯಿತು. ಆ ಸ್ಟೆಪ್‌ಡೌನ್ ಬಿಚ್ಚಿ ನೋಡಿದರೆ ಒಳಗೆ ಅಲ್ಯೂಮಿನಿಯಂ ತಂತಿ, ಸೊನ್ನೆ ವೋಲ್ಟ್ ತುದಿಯ ಬೆಸುಗೆ ಕೈಗೇ ಬಂತು. ಅಲ್ಯೂಮಿನಿಯಂಗೆ ಮಾಮೂಲಿ ಬೆಸುಗೆ ಹಿಡಿಯುವುದೇ ಇಲ್ಲ. ಫ್ಯೂಸ್ ಹಾರುವಷ್ಟರಲ್ಲಿ ಪವರ್ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು, ಎಡಗಡೆ ವೂಫರ್ ಎಲ್ಲಾ ಸುಟ್ಟಿದ್ದವು. ಸ್ಟೆಪ್‌ಡೌನ್‌ನಲ್ಲಿ ನಾಲ್ಕು ಕಾಸು ಉಳಿಸಲು ಹೋಗಿ ಇಂಥ ಆಂಪ್ ಕಳೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ವೈಂಡಿಂಗ್ ಮಾಡುವವರ ಹತ್ತಿರವೇ ಹೋಗಿ. ಪ್ರೈಮರಿ (ಕರೆಂಟ್ ಒಳಬರುವ ಕಡೆ), ಸೆಕೆಂಡರಿ (ಹೊರಹೋಗುವ ಕಡೆ) ಬೇರೆ ಬೇರೆ ಸುರುಳಿ, ತಾಮ್ರದ ತಂತಿ. ಪ್ರೈಮರಿಗೆ 220, 230, 240 ಟ್ಯಾಪ್, ಸೆಕೆಂಡರಿಗೆ ಸಾನ್ಸುಯಿಗಾಗಿ 100, ಅಮೆರಿಕದ ಸಾಮಾನಿಗಾಗಿ 120. ಆಂಪ್ ಹಿಂದೆ 200 ವ್ಯಾಟ್ ಅಂತಿದ್ದರೆ 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಹೇಳಿ. ಕೈಯಲ್ಲಿ ಎತ್ತಿ ನೋಡಿ, ತೀರಾ ಹಗುರವಾಗಿದ್ದರೆ ಅದು 500 ವಿಎ ಅಲ್ಲ. ಸೆಕೆಂಡರಿಗೂ ಒಂದು ಫ್ಯೂಸ್ ಇರಲಿ. ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಮಾಡಿಸಿದರೆ ಆನ್ ಮಾಡಿದ ಕ್ಷಣ ನುಗ್ಗುವ ಕರೆಂಟ್‌ಗೆ ಬಿ ಕರ್ವ್ ಎಂಸಿಬಿ ಬೀಳಬಹುದು, ಅದನ್ನು ತಡೆದುಕೊಳ್ಳುವ ಸಿ ಕರ್ವ್ ಹಾಕಿಸಿ. ಮೊದಲ ಸಲ ಸೀರೀಸ್ ಬಲ್ಬ್ (ಕರೆಂಟ್ ಮಿತಿಗೊಳಿಸಲು ಸಾಲಿನಲ್ಲಿ ಸೇರಿಸುವ ಫಿಲಮೆಂಟ್ ಬಲ್ಬ್) ಇಲ್ಲದೆ ಆನ್ ಮಾಡಬೇಡಿ. ಟ್ರಾನ್ಸ್‌ಫಾರ್ಮರನ್ನು ಫೋನೋ ಸ್ಟೇಜ್ (ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲ್ ಹೆಚ್ಚಿಸುವ ಭಾಗ) ಮತ್ತು ಡೆಕ್‌ನಿಂದ ಒಂದು ಮೀಟರ್ ದೂರ ಇಡಿ, ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಹಮ್ ಅಂತ ಮತ್ತೆ ಇಲ್ಲಿಗೇ ಬರುತ್ತೀರಿ.

ನಿಮ್ಮ ಪ್ರಶ್ನೆಗೆ ಇನ್ಯಾರೋ ಹಗುರವಾದ ಟ್ರಾವೆಲ್ ಕನ್ವರ್ಟರ್ ಸಾಕು ಅಂದಿದ್ದಾರೆ. ಅದು ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್‌ಗೆ. ಒಳಗಿನ ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ಕರೆಂಟ್‌ನ ಅಲೆಯನ್ನೇ ಕತ್ತರಿಸಿ ಕಳಿಸುತ್ತದೆ. ಆಡಿಯೋಗೆ ಸೇರಿಸಲೇಬೇಡಿ.

ಅಮೆರಿಕದಿಂದ ಸಾಮಾನು ತರುವವರಿಗೂ ಒಂದು ಮಾತು. ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತದೆ, ನಮ್ಮ ಕರೆಂಟ್‌ನ 50 ಹರ್ಟ್ಸ್ ಅನ್ನು ಅಲ್ಲಿಯ 60 ಮಾಡುವುದಿಲ್ಲ. ಎಸಿ ಸಿಂಕ್ರನಸ್ ಮೋಟರ್ (ಹರ್ಟ್ಸ್ ಮೇಲೆ ವೇಗ ನಿಲ್ಲುವ ಮೋಟರ್) ಇರುವ ಟರ್ನ್‌ಟೇಬಲ್ ಇಲ್ಲಿ ನಿಮಿಷಕ್ಕೆ 33 ಸುತ್ತಿನ ಬದಲು 28ರ ಹತ್ತಿರ ತಿರುಗುತ್ತದೆ. 50 ಹರ್ಟ್ಸ್ ಪುಲ್ಲಿ ಸಿಗುತ್ತದಾ ಅಂತ ಮೊದಲೇ ನೋಡಿ. ಟೆಕ್ನಿಕ್ಸ್ 1200 ಎಂಕೆ2 ಟರ್ನ್‌ಟೇಬಲ್‌ಗೆ ಈ ತಲೆನೋವಿಲ್ಲ, ಅದರ ವೇಗ ಕ್ವಾರ್ಟ್ಜ್ ಹರಳಿನಿಂದ ನಿಲ್ಲುತ್ತದೆ, ಅದಕ್ಕೇ ನಾನು ಎಲ್ಲರಿಗೂ ಅದನ್ನೇ ಹೇಳುವುದು. ಲೇಬಲ್ ಮೇಲೆ ಬರೀ 60 ಹರ್ಟ್ಸ್ ಇರುವ ಆಂಪ್ ಇಲ್ಲಿ ಜಾಸ್ತಿ ಬಿಸಿಯಾಗುತ್ತದೆ, ಗುಂಯ್ಗುಡುತ್ತದೆ. ನಿಮ್ಮದರಲ್ಲಿ 50/60 ಇದೆ, ಆ ಚಿಂತೆ ಬೇಡ. 100-240 ವೋಲ್ಟ್ ಅಂತ ಬರೆದಿರುವ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಮಾಡುವ ಸಾಧನ), ಸ್ಟ್ರೀಮರ್‌ಗಳಿಗೆ ಸ್ಟೆಪ್‌ಡೌನ್ ಬೇಕಾಗಿಲ್ಲ, ಸುಮ್ನೆ ಪ್ಲಗ್ ಪಿನ್ ಬದಲಿಸಿ.

ಜೊತೆಗೆ ಅದೇ ಸೆಟ್‌ನ ರೇಡಿಯೋ ಟ್ಯೂನರ್ ತರಿಸುವ ಯೋಚನೆ ಇದ್ದರೆ ಬಿಡಿ. ಜಪಾನ್‌ನ ಹಳೆಯ ಟ್ಯೂನರ್‌ಗಳ ಎಫ್ಎಂ ಸಾಮಾನ್ಯವಾಗಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ಬೆಂಗಳೂರಿನ 101.3 ಅದರಲ್ಲಿ ಸಿಗುವುದಿಲ್ಲ.