ಸಾಲೇ ಇಲ್ಲದ ಕಡೆ ಮೀಸಲು ಯಾರಿಗೆ?

ಪ್ರಶ್ನೆ: ನಮ್ಮ ಆಫೀಸಿನ ಲೈನ್ 10 ಎಂಬಿಪಿಎಸ್. ಸಿಸ್ಕೋ ರೂಟರ್. ಫೋನ್ ಕರೆಗಳೂ ಅದರಲ್ಲೇ ಹೋಗುತ್ತವೆ. ಒಟ್ಟಿಗೆ 15 ಕರೆ, ಜಿ.711 ಕೊಡೆಕ್ (ದನಿಯನ್ನು ಡಿಜಿಟಲ್ ಮಾಡುವ ವಿಧಾನ). ಧ್ವನಿಗೆ ಪ್ರಯಾರಿಟಿ ಕ್ಯೂನಲ್ಲಿ, ಅಂದರೆ ಮೊದಲು ಬಿಡುವ ಸಾಲಿನಲ್ಲಿ, 1000 ಕೆಬಿಪಿಎಸ್ ಮೀಸಲಿಟ್ಟಿದ್ದೇನೆ. ಆದರೂ ಮಧ್ಯಾಹ್ನ ಬ್ಯಾಕಪ್ ಶುರುವಾದ ತಕ್ಷಣ ನಮ್ಮ ಮಾತು ಆ ಕಡೆಯವರಿಗೆ ತುಂಡುತುಂಡಾಗಿ ಕೇಳುತ್ತದೆ. ರೂಟರಿನಲ್ಲಿ ನೋಡಿದರೆ ಡ್ರಾಪ್ (ಬಿಸಾಡಿದ ಪ್ಯಾಕೆಟ್, ಅಂದರೆ ಡೇಟಾ ತುಣುಕು) ಸೊನ್ನೆ. ತಪ್ಪು ಎಲ್ಲಿದೆ?

ಉತ್ತರ: ಆ ಸೊನ್ನೆಯ ಮೇಲೇ ನನಗೆ ಅನುಮಾನ. ನಾನೂ ಒಮ್ಮೆ ಅದನ್ನು ನಂಬಿ, ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತ ಲೈನ್ ಕೊಟ್ಟವರ ಜೊತೆ ಎರಡು ದಿನ ಜಗಳ ಆಡಿದ್ದೆ. ಅವರ ಲೆಕ್ಕದಲ್ಲಿ ಅವರೂ ಸರಿಯಾಗೇ ಇದ್ದರು.

ಲೈನ್ 10 ಎಂಬಿಪಿಎಸ್ ಇರಬಹುದು. ಆದರೆ ಅದು ಸಿಕ್ಕಿಸಿರುವ ಪೋರ್ಟ್ ಎಷ್ಟರದು? ಬಹುಶಃ 100 ಎಂಬಿಪಿಎಸ್ ಈಥರ್ನೆಟ್. ಬ್ಯಾಕಪ್ 30 ಎಂಬಿಪಿಎಸ್ ನುಗ್ಗಿಸಿದರೂ ನಿಮ್ಮ ರೂಟರಿಗೆ ಅದು ದಟ್ಟಣೆಯೇ ಅಲ್ಲ, ಬಂದದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ಮೀಸಲು ಕೆಲಸ ಮಾಡುವುದು ಪ್ಯಾಕೆಟ್‌ಗಳು ಸಾಲು ನಿಂತಾಗ ಮಾತ್ರ. ಸಾಲೇ ಇಲ್ಲ ಅಂದಮೇಲೆ ಯಾರನ್ನು ಮೊದಲು ಬಿಡುವುದು? ಆಚೆ ಲೈನ್ ಕೊಟ್ಟವರ ಉಪಕರಣ 10 ದಾಟಿದ್ದನ್ನು ಕತ್ತರಿಸುತ್ತದೆ. ಅಲ್ಲಿ ಧ್ವನಿ ಯಾವುದು, ಬ್ಯಾಕಪ್ ಯಾವುದು ಅಂತ ನೋಡುವವರಿಲ್ಲ.

ಹಾಗಾಗಿ ಸಾಲನ್ನು ನಿಮ್ಮ ರೂಟರಿಗೇ ತರಬೇಕು. ಹೊರಗೊಂದು ಪಾಲಿಸಿ (ರೂಟರಿಗೆ ಬರೆದುಕೊಡುವ ಸಂಚಾರ ನಿಯಮ) ಮಾಡಿ, ಅದರಲ್ಲಿ ಒಟ್ಟು ಸಂಚಾರವನ್ನು 9.5 ಎಂಬಿಪಿಎಸ್‌ಗೆ ಶೇಪ್ ಮಾಡಿ, ಅಂದರೆ ಅದಕ್ಕಿಂತ ಹೆಚ್ಚು ಬಂದದ್ದನ್ನು ಸಾಲಿನಲ್ಲಿ ತಡೆದು ನಿಧಾನಕ್ಕೆ ಬಿಡಿ. ನೀವು ಈಗ ಬರೆದಿರುವ ಪಾಲಿಸಿಯನ್ನು ಅದರ ಒಳಗೆ ಕೂರಿಸಿ. ಸುಮ್ನೆ 10 ಅಂತಲೇ ಹಾಕಬೇಡಿ. ಹೆಡರ್‌ಗಳನ್ನು (ಪ್ಯಾಕೆಟ್ಟಿನ ಮುಂದೆ ಅಂಟುವ ವಿಳಾಸದಂಥ ಮಾಹಿತಿ) ಲೈನ್ ಕೊಟ್ಟವರು ಲೆಕ್ಕ ಹಾಕುವ ರೀತಿಯೇ ಬೇರೆ ಇರಬಹುದು.

ಶೇಪರ್ ಹಾಕಿದ ಮೇಲೆ ನಿಮ್ಮ ಧ್ವನಿ ಕ್ಲಾಸಿನಲ್ಲೇ (ಪಾಲಿಸಿಯಲ್ಲಿ ಧ್ವನಿಗೆ ಇಟ್ಟ ವಿಭಾಗ) ಡ್ರಾಪ್ ಕಾಣಿಸಿಕೊಳ್ಳಬಹುದು. ಗಾಬರಿ ಬೇಡ, ಅದು ನಿಮ್ಮ 1000ದ ತಪ್ಪು. 15ನ್ನು ಜಿ.711ರ 64 ಕೆಬಿಪಿಎಸ್ ಇಂದ ಗುಣಿಸಿ 960 ಅಂದುಕೊಂಡಿರಿ, ಅಲ್ವಾ? 64 ಎನ್ನುವುದು ಬರೀ ಮಾತಿನ ತೂಕ. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅಂದರೆ ಸೆಕೆಂಡಿಗೆ 50. ಒಂದೊಂದರಲ್ಲೂ ಮಾತು 160 ಬೈಟ್, ಐಪಿ, ಯುಡಿಪಿ, ಆರ್‌ಟಿಪಿ ಹೆಡರ್ 40 ಬೈಟ್. ಅಲ್ಲಿಗೇ ಒಂದು ಕರೆಗೆ 80 ಕೆಬಿಪಿಎಸ್ ಆಯಿತು. ಈಥರ್ನೆಟ್‌ನ 18 ಬೈಟ್ ಸೇರಿದರೆ 87.2. ಹದಿನೈದು ಕರೆಗೆ 1308. ನಾನಾದರೆ 1400 ಇಡುತ್ತೇನೆ.

ಇಲ್ಲಿ ಜಿಪುಣತನ ದುಬಾರಿ. ದಟ್ಟಣೆ ಇದ್ದಾಗ ಪ್ರಯಾರಿಟಿ ಕ್ಯೂ ತನ್ನ ಮಿತಿ ದಾಟಿದ್ದನ್ನು ಬಿಸಾಡುತ್ತದೆ. ಮಿತಿ ಮೀರಿಸಿದ್ದು ಕೊನೆಗೆ ಬಂದ ಕರೆ ಅಂತ ಅದಕ್ಕೆ ಗೊತ್ತಿಲ್ಲ. ಹೆಚ್ಚಾಗಿದ್ದು ಒಂದೇ ಕರೆ, ಕೆಡುವುದು ಎಲ್ಲರ ಮಾತು.

‘ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್’ ಕೊಟ್ಟು ಡ್ರಾಪ್ ಜೊತೆಗೆ ಇನ್ನೊಂದನ್ನೂ ನೋಡಿ: ಕರೆ ನಡೆಯುತ್ತಿರುವಾಗ ಧ್ವನಿ ಕ್ಲಾಸಿನ ಪ್ಯಾಕೆಟ್ ಎಣಿಕೆ ಏರುತ್ತಿದೆಯಾ? ಏರದಿದ್ದರೆ ನಡುವಿನ ಸ್ವಿಚ್ ಫೋನ್ ಹಾಕಿದ ಇಎಫ್ ಎಂಬ ‘ಇದು ಮೊದಲು ಹೋಗಲಿ’ ಗುರುತನ್ನು, ಅಂದರೆ ಪ್ಯಾಕೆಟ್ ಹೆಡರಿನ ಡಿಎಸ್‌ಸಿಪಿ 46 ಅನ್ನು, ಅಳಿಸಿ 0 ಮಾಡುತ್ತಿರಬಹುದು. ಆಗ ನಿಮ್ಮ ಧ್ವನಿ ಬ್ಯಾಕಪ್ ಜೊತೆಗೇ ಸಾಮಾನ್ಯ ಸಾಲಿನಲ್ಲಿ ನಿಂತಿರುತ್ತದೆ. ಇನ್ನು, ಇದೆಲ್ಲ ಹೊರಹೋಗುವ ಮಾತಿಗೆ ಮಾತ್ರ. ನಿಮಗೆ ಅವರ ದನಿ ಒಡೆದು ಕೇಳಿದರೆ ಆ ತುದಿಯ ರೂಟರಿನಲ್ಲೂ ಇದೇ ಕೆಲಸ ಆಗಬೇಕು.

ಪ್ರಶ್ನೆ: ಹಳೆಯ ಸಿಸ್ಕೋ ರೂಟರ್, 2 ಎಂಬಿಪಿಎಸ್ ಸೀರಿಯಲ್ ಲೈನ್. ಒಂದು ಕ್ಲಾಸಿಗೆ 1200 ಕೆಬಿಪಿಎಸ್ ಕೇಳಿದರೆ ‘ಇರುವುದು 1158 ಮಾತ್ರ’ ಅನ್ನುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: ಎಲ್ಲೂ ಹೋಗಿಲ್ಲ. ನಿಮ್ಮ ಲೈನ್ 2 ಎಂಬಿಪಿಎಸ್ ಅಂತ ರೂಟರಿಗೆ ಯಾರೂ ಹೇಳಿಲ್ಲ, ಅಷ್ಟೆ. ಸೀರಿಯಲ್ ಪೋರ್ಟಿಗೆ ಅದು ತಾನಾಗಿ 1544 ಅಂತ ಹಿಡಿಯುತ್ತದೆ. ಅದರಲ್ಲೂ ಹಳೆಯ ಐಒಎಸ್ (ಸಿಸ್ಕೋ ರೂಟರಿನ ಸಾಫ್ಟ್‌ವೇರ್) ಮೀಸಲಿಗೆ ಬಿಡುವುದು ಶೇ 75. ಅದೇ ನಿಮ್ಮ 1158. ಇಂಟರ್‌ಫೇಸಿನ ಮೇಲೆ ‘ಬ್ಯಾಂಡ್‌ವಿಡ್ತ್ 2048’ ಅಂತ ಬರೆಯಿರಿ, 1536 ಸಿಗುತ್ತದೆ. ಇದರಿಂದ ಲೈನಿನ ವೇಗವೇನೂ ಜಾಸ್ತಿ ಆಗುವುದಿಲ್ಲ, ಅದು ಬರೀ ಚೀಟಿ ಅಂಟಿಸಿದ ಹಾಗೆ. ಆದರೆ ಆ ಚೀಟಿಯನ್ನು ದಾರಿ ಆರಿಸುವ ಪ್ರೋಟೋಕಾಲ್ ಆದ ಒಎಸ್‌ಪಿಎಫ್ ಕೂಡ ಓದುತ್ತದೆ. ಈ ದಾರಿಯ ಕಾಸ್ಟ್ (ಕಡಿಮೆ ಇದ್ದಷ್ಟೂ ಅದಕ್ಕೆ ಇಷ್ಟ) 64ರಿಂದ 48ಕ್ಕೆ ಇಳಿಯುತ್ತದೆ. ಬೇರೆ ದಾರಿ ಇದ್ದರೆ ಅದರಲ್ಲಿದ್ದ ಸಂಚಾರ ಈ ಕಡೆ ತಿರುಗೀತು, ಮೊದಲೇ ನೋಡಿಕೊಳ್ಳಿ. ಶೇ 75ರ ಮಿತಿಯನ್ನು ‘ಮ್ಯಾಕ್ಸ್-ರಿಸರ್ವ್ಡ್-ಬ್ಯಾಂಡ್‌ವಿಡ್ತ್’ ಕಮಾಂಡ್ ಕೊಟ್ಟು ಏರಿಸಬಹುದು, ಆದರೆ ನಿಮಗೆ ಅದು ಬೇಕಾಗುವುದಿಲ್ಲ. ಉಳಿದ ಕಾಲು ಭಾಗದಲ್ಲೇ ರೂಟಿಂಗ್ ಅಪ್‌ಡೇಟ್‌ಗಳೂ ಓಡಾಡಬೇಕು.