ಓದುಗರ ಪ್ರಶ್ನೆ: ರಾಜ ಎಕ್ಕವನ್ನು ಹೊಡೆದದ್ದು ಹೇಗೆ?

ಪ್ರಶ್ನೆ: ಅಲೆಕ್ಸಾಂಡರ್ ಪೋಪನ ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದ ಇಸ್ಪೀಟಾಟದಲ್ಲಿ ಬೆಲಿಂಡಾಳ ಆಟೀನ್ ರಾಜ ಎದುರಾಳಿಯ ಆಟೀನ್ ಎಕ್ಕವನ್ನು ಹೊಡೆಯುತ್ತಾನೆ. ಎಕ್ಕವೇ ದೊಡ್ಡದಲ್ಲವೇ? ಸ್ಪೆಡಿಲ್, ಮನಿಲ್, ಕೊಡಿಲ್ ಎಂದರೇನು?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪೋಪನದು ಸರಿ. ಅದು ಆಂಬರ್ ಎಂಬ ಆಟ, ಸ್ಪೇನಿನಿಂದ ಬಂದದ್ದು. 1712ರ ಮೊದಲ ರೂಪದಲ್ಲಿ ಈ ಭಾಗವೇ ಇರಲಿಲ್ಲ, 1714ರಲ್ಲಿ ಸೇರಿಸಿದ.

ಆಂಬರ್‌ನಲ್ಲಿ ಮೂರು ಎಲೆಗಳು ಎಲ್ಲಕ್ಕೂ ಮೇಲೆ. ಅವಕ್ಕೆ ಮ್ಯಾಟಡೋರ್ ಎನ್ನುತ್ತಿದ್ದರು. ಸ್ಪೇಡ್ ಎಕ್ಕ ಸ್ಪೆಡಿಲ್, ಅದೇ ಹಿರಿಯ. ಕಳಾವರ್ ಎಕ್ಕ ಬಾಸ್ಟೊ, ಮೂರನೆಯದು. ಯಾವ ಜಾತಿ ತುರುಪಾದರೂ ಇವೆರಡು ತುರುಪೇ. ನಡುವಿನ ಮನಿಲ್ ಮಾತ್ರ ಬದಲಾಗುತ್ತದೆ: ತುರುಪು ಕಪ್ಪಾದರೆ ಅದರ ಎರಡು, ಕೆಂಪಾದರೆ ಅದರ ಏಳು. ಬೆಲಿಂಡಾ ಸ್ಪೇಡ್ ಕೂಗಿದ್ದಾಳೆ, ಹಾಗಾಗಿ ಅವಳ ಮನಿಲ್ ಸ್ಪೇಡ್ ಎರಡು.

ತುರುಪಲ್ಲದ ಕೆಂಪು ಜಾತಿಯ ಕ್ರಮ ನಮಗೆ ತಲೆಕೆಳಗು: ರಾಜ, ರಾಣಿ, ಗುಲಾಮ, ಎಕ್ಕ, ಆಮೇಲೆ 2, 3, 4, 5, 6; ಎಲ್ಲಕ್ಕಿಂತ ಕೆಳಗೆ 7. ಆಟೀನ್ ಎಕ್ಕ ಅಲ್ಲಿ ಬರೀ ನಾಲ್ಕನೆಯ ಎಲೆ.

ತುರುಪು ಕೂಗಿದವರಿಗಿಂತ ಎದುರಾಳಿಗಳಲ್ಲಿ ಒಬ್ಬರೇ ಹೆಚ್ಚು ಸುತ್ತು ಗೆದ್ದರೆ ಅದು ಕೊಡಿಲ್. ನಡುವಿಟ್ಟ ಹಣ ಆ ಎದುರಾಳಿಗೆ. ಕಾವ್ಯದಲ್ಲಿ ಬೆಲಿಂಡಾ ಮೊದಲ ನಾಲ್ಕು ಸುತ್ತು ಗೆಲ್ಲುತ್ತಾಳೆ, ಅವಳ ಎದುರಾಳಿ ಬ್ಯಾರನ್ ಮುಂದಿನ ನಾಲ್ಕು. ಒಂಬತ್ತನೆಯದೂ ಅವನ ಪಾಲಾಗಿದ್ದರೆ 5–4, ಕೊಡಿಲ್. ಅವಳ ಮುಖ ಬಿಳುಚಿಕೊಳ್ಳುವುದು ಅದಕ್ಕೇ. ಪೋಪ್ ಎಲೆ ಎಣಿಸಿಕೊಂಡೇ ಬರೆದಿದ್ದಾನೆ!

ಪ್ರಶ್ನೆ: ಅದೇ ಕಾವ್ಯದಲ್ಲಿ ಬರುವ ‘ಪ್ಯಾಮ್’ ಯಾರು?
– ಓದುಗರು, ಶಿವಮೊಗ್ಗ

ಉತ್ತರ: ಕಳಾವರ್ ಗುಲಾಮ. ಲೂ ಎಂಬ ಆಟದಲ್ಲಿ ಅವನು ತುರುಪಿನ ಎಕ್ಕವನ್ನೂ ಹೊಡೆಯುತ್ತಿದ್ದ. ಆಂಬರ್‌ನಲ್ಲಿ ಅವನಿಗೆ ಆ ದರ್ಜೆ ಇಲ್ಲ, ಸ್ಪೇಡ್ ರಾಜನ ಕೈಲಿ ಸುಲಭವಾಗಿ ಬೀಳುತ್ತಾನೆ. ಪೋಪನ ತಮಾಷೆ ಇರುವುದು ಅಲ್ಲೇ.

ಪ್ರಶ್ನೆ: ಈಗಿನ ಇಸ್ಪೀಟು ಕಟ್ಟಿನಲ್ಲಿ ಆಂಬರ್ ಆಡಬಹುದೇ?
– ಓದುಗರು, ಮೈಸೂರು

ಉತ್ತರ: ಧಾರಾಳವಾಗಿ. ನಾಲ್ಕೂ ಜಾತಿಯ 8, 9, 10 ತೆಗೆದುಬಿಡಿ, 40 ಎಲೆ ಉಳಿಯುತ್ತವೆ. ಮೂವರಿಗೆ ಮೂರು ಮೂರರಂತೆ, ಬಲಗಡೆಯಿಂದ ಶುರುಮಾಡಿ, ತಲಾ 9 ಹಂಚಿ. ಮಿಕ್ಕ 13 ನಡುವಿಗೆ. ತುರುಪು ಕೂಗಿದವರು ಒಬ್ಬರೇ, ಉಳಿದಿಬ್ಬರು ಒಂದು ಕಡೆ. ಬೇಡದ ಎಲೆ ಬಿಸಾಕಿ ನಡುವಿನಿಂದ ಬದಲಿ ಎತ್ತಿಕೊಳ್ಳುವ ಸರದಿ ಮೊದಲು ಕೂಗಿದವರದು. ಗೆಲ್ಲಲು 5 ಸುತ್ತು ಬೇಕು. ಉಳಿದವರು 3–2 ಹಂಚಿಕೊಂಡರೆ 4 ಸಾಕು.

ಹೊಸಬರು ಎಡವುವುದು ಹೆಚ್ಚಾಗಿ ಕಳಾವರ್ ಎಕ್ಕದಲ್ಲಿ. ಡೈಮಂಡ್ ತುರುಪಾಗಿದ್ದು ಯಾರಾದರೂ ಕಳಾವರ್ ಇಳಿಸಿದರೆ, ಕೈಲಿರುವ ಕಳಾವರ್ ಎಕ್ಕವನ್ನು ಅದೇ ಜಾತಿಯದೆಂದು ಹಾಕಿಬಿಡುತ್ತಾರೆ. ಅದು ಬಾಸ್ಟೊ, ಅಂದರೆ ತುರುಪು. ಕೈಲಿ ಬೇರೆ ಕಳಾವರ್ ಇದ್ದರೆ ಅದನ್ನೇ ಹಾಕಬೇಕು. ಇನ್ನೊಂದು: ಯಾರಾದರೂ ಸಣ್ಣ ತುರುಪು ಇಳಿಸಿದಾಗ ಮ್ಯಾಟಡೋರ್ ಹಾಕಲೇಬೇಕೆಂದಿಲ್ಲ, ಬೇರೆ ತುರುಪಿಲ್ಲದಿದ್ದರೂ ಅದನ್ನು ಉಳಿಸಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಮ್ಯಾಟಡೋರ್ ಸುತ್ತು ಶುರುಮಾಡಿದರೆ ಮಾತ್ರ ವಿನಾಯಿತಿ ಇಲ್ಲ.